ಎಂಟು ನಿಮಿಷ

ಕನ್ನಡಕ ಹಾಕಿಕೊಳ್ಳಿ ಅಂದಳು ನೈರಿ.
ನನಗೊಂದು, ತನಗೊಂದು,
ಬ್ರಾಕನಿಗೂ ಒಂದು, ಕಿವಿಯ ಹಿಂದೆ ಪಟ್ಟಿ ಬಿಗಿದು.
ಮೂವರೂ ಹಸಿರು ಗಾಜಿನೊಳಗಿಂದ
ಒಬ್ಬರನ್ನೊಬ್ಬರು ನೋಡಿಕೊಂಡೆವು,
ಬೆಸುಗೆ ಅಂಗಡಿಯಲ್ಲಿ ಫೋಟೋಕ್ಕೆ ನಿಂತವರ ಹಾಗೆ.

ಹೊರಗೆ ರ್‍ಯಾನ್‌ಫರ್ಲಿಯ ಜುಲೈ.
ಟ್ರಕ್ಕಿನ ಹಿಡಿಗೆ ಅಂಗೈ ಅಂಟುವಷ್ಟು ಚಳಿ.

ಹಿಂದಿನಿಂದ ಬೊಗಳಿ ಕುರಿ ಅಟ್ಟುವ ಜಾತಿ ಇವನದು.
ಹಲ್ಲು ತಾಗಿಸುವುದಿಲ್ಲ, ಗಂಟಲಿನದೇ ದುಡಿಮೆ.
ಗುಡ್ಡದ ಆ ಬದಿ ಇವನು ಒಮ್ಮೆ ಗುಡುಗಿದರೆ
ಈ ಬದಿ ಇನ್ನೂರು ಕುರಿ
ಮೇಯುವುದು ಬಿಟ್ಟು ತಲೆಯೆತ್ತುತ್ತಿದ್ದವು.

ಫೆಬ್ರವರಿಯಲ್ಲಿ ದೊಡ್ಡಿಯ ಅಡ್ಡಪಟ್ಟಿ ಹಾರುವಾಗ ಜಾರಿದ.
ಬಿದ್ದದ್ದು ದೊಡ್ಡದಲ್ಲ.
ಎದ್ದವನು ನನ್ನ ಕಡೆ ನೋಡದೆ
ಬೇಲಿಗುಂಟ ಹೋದನಲ್ಲ, ಅದು.
ಆಮೇಲೆ ಸೊಂಟ ಎಡಕ್ಕೆ ಎಳೆಯಿತು.
ಬೊಗಳಿದರೆ ಅಲ್ಲಿಗೇ ಚುಚ್ಚುತ್ತದೋ ಏನೋ,
ಬೊಗಳುವುದನ್ನೇ ಬಿಟ್ಟ.

ಬೆಳಕಂತೆ. ನಾನು ಮೂಗು ಮುರಿದಿದ್ದೆ.
ಬೆಳಕಿಗೆ ಕೀಲು ಸಡಿಲುವುದಾದರೆ
ಅರವತ್ತೆಂಟು ಬೇಸಿಗೆ ಈ ಬಯಲಲ್ಲಿ ಬೆಂದ ನನ್ನ ಮಂಡಿ
ಇಷ್ಟು ಹೊತ್ತಿಗೆ ಕುಣಿಯಬೇಕಿತ್ತು.

ನೈರಿ ವಾದಕ್ಕಿಳಿಯಲಿಲ್ಲ.
ಕೈಲಿದ್ದ ಕಡ್ಡಿಯಂಥದ್ದನ್ನು ಅವನ ಸೊಂಟದ ಮೇಲೆ
ಮೆಲ್ಲಗೆ ಹೋಗಿ, ಮೆಲ್ಲಗೆ ಬಂದು,
ಮದುವೆ ಸೀರೆಗೆ ಇಸ್ತ್ರಿ ಹಾಕುವವಳ ಹಾಗೆ ಆಡಿಸಿದಳು.
'ಕಪ್ಪು ರೋಮ ಬೇಗ ಕಾಯುತ್ತೆ,
ಕೈ ನಿಲ್ಲಿಸೋ ಹಾಗಿಲ್ಲ' ಅಂದಳು.
'ಈ ಕೆಂಪು ಚುಕ್ಕೆ ಬರೀ ಗುರುತಿಗೆ.
ಕೆಲಸ ಮಾಡೋದು ಕಾಣದ್ದು.'

ಕಾಣದ್ದು.
ಆ ಮಾತು ನಾನು ಮೊದಲೂ ಕೇಳಿದ್ದೆ,
ಡನೀಡನ್ನಿನಲ್ಲಿ, ಐಲ್ಸಾಳ ಸರದಿ ಬಂದಾಗ.
ಅಲ್ಲಿ ಮೊಳ ದಪ್ಪದ ಬಾಗಿಲು.
ಅವಳನ್ನು ಮಲಗಿಸಿ
ನರ್ಸು, ಡಾಕ್ಟರು, ನಾನು
ಎಲ್ಲರೂ ಹೊರಗೆ ಬಂದುಬಿಡುತ್ತಿದ್ದೆವು.
ಬಾಗಿಲ ಮೇಲೊಂದು ಕೆಂಪು ದೀಪ.
ಆರು ವಾರ, ವಾರಕ್ಕೆ ಐದು ದಿನ,
ಅದು ಆರುವುದನ್ನೇ ಕಾಯುತ್ತ ಕೂತೆ, ಟೋಪಿ ಕೈಯಲ್ಲಿ.
ಒಳಗೆ ಏನು ಮಾಡುತ್ತಾರೆ ಅಂದರೆ
'ಏನೂ ಇಲ್ಲ.
ಚಾವಣಿಗೆ ಚೆರಿ ಮರದ ಚಿತ್ರ ಅಂಟಿಸಿದ್ದಾರೆ,
ಹೂವು ಎಣಿಸ್ತೀನಿ' ಅನ್ನುತ್ತಿದ್ದಳು.
ಎಷ್ಟಿವೆ ಅಂತ ನಾನು ಕೇಳಲೇ ಇಲ್ಲ.

ಇಲ್ಲಿ ಯಾರೂ ನನ್ನನ್ನು ಹೊರಗೆ ಕಳಿಸಲಿಲ್ಲ.
'ತಲೆ ನಿಮ್ಮ ತೊಡೆಯ ಮೇಲಿರಲಿ,
ಅವನಿಗೆ ನಿಮ್ಮ ವಾಸನೆ ಬೇಕು' ಅಂದಳು.
ಲ್ಯಾನೊಲಿನ್, ಡೀಸೆಲ್, ನಿನ್ನೆಯ ಈರುಳ್ಳಿ.
ಬೇಕಂತೆ.

ಐದನೇ ನಿಮಿಷಕ್ಕೆ ಉಸಿರು ಉದ್ದವಾಯಿತು.
ಆರಕ್ಕೆ ಕೆಳದುಟಿ ಸಡಿಲಿ
ಪ್ಯಾಂಟಿನ ಮೇಲೆ ಬೆಚ್ಚಗೆ ಜೊಲ್ಲು.
ಇದು ಬೆಳಕಿನದೋ, ಬರೀ ಬಿಸುಪಿನದೋ,
ಅಷ್ಟು ಹೊತ್ತು ಯಾರೋ ತನ್ನನ್ನೇ
ನೋಡುತ್ತಿದ್ದುದರದೋ,
ನನಗೆ ತಿಳಿಯದು.
ತಿಳಿದವರ ಹತ್ತಿರ ಜಗಳವೂ ಇಲ್ಲ.

ಯಂತ್ರ ಕೀಂಯ್ ಅಂತು.
'ಮಿಕ್ಕಿದ್ದರೆ ಈ ಮಂಡಿಗೂ ಒಂಚೂರು' ಅಂದೆ.
'ಎರಡು ಕಾಲಿನವರಿಗೆ ನನಗೆ ಲೈಸೆನ್ಸಿಲ್ಲ.'

ಅಂಗಳದಲ್ಲಿ ಅವನನ್ನು ಟ್ರಕ್ಕಿಗೆ ಎತ್ತಲು ಬಗ್ಗಿದೆ.
ತಾನೇ ಮುಂಗಾಲೆರಡೂ ಇಟ್ಟ.
ಹಿಂಗಾಲು ಕಾದವು. ನಾನೂ ಕಾದೆ.
ರಸ್ತೆಯಲ್ಲಿ ಕುರಿ ತುಂಬಿದ ಮೂರಂತಸ್ತಿನ ಲಾರಿ ಹೋಯಿತು.
ಕಿವಿ ನಿಮಿರಿತು, ಬಾಯಿ ತೆರೆಯಿತು,
ಬಿಳಿ ಹಬೆ ಮಾತ್ರ ಬಂತು.
ಆಮೇಲೆ ಎತ್ತಿದೆ.

ಊರು ದಾಟಿ ಮೂರು ಮೈಲಿ ಆದ ಮೇಲೆ
ಹಿಮ ಹೊದ್ದ ಬಯಲೆಲ್ಲ ಯಾಕೆ ಹೀಗೆ ಹಸಿರು ಅನ್ನಿಸಿ
ಮುಖ ಮುಟ್ಟಿ ನೋಡಿಕೊಂಡೆ:
ಕನ್ನಡಕ ಹಾಗೇ ಇದೆ.
ತಿರುಗಿಸಲಿಲ್ಲ ಗಾಡಿ.
ಗುರುವಾರ ಹೇಗೂ ಹೋಗಬೇಕಲ್ಲ.