ಬೆನ್ನ ಕಡೆಯ ಗಂಟು

ಕೌದಿ ಮುಗಿಯಿತು ಅನ್ನುವುದು ಬರೀ ಬಾಯಿಮಾತು.
ಅಂಚು ಕಟ್ಟುವುದು ಬಾಕಿ ಇದೆ ಇನ್ನೂ,
ನಾಲ್ಕೂ ಸುತ್ತು, ಹತ್ತು ಗಜ, ಕಾಣದ ಹೊಲಿಗೆ.
ನವೆಂಬರಿನಿಂದ ಕೂತಿದ್ದೇನೆ ಇದರ ಕೆಳಗೆ;
ಮಡಿಲಲ್ಲಿ ಈಗ
ಮಲಗಿದ ಮುದಿ ನಾಯಿಯಷ್ಟು ಭಾರ.

ಅಂಚಿಗೆ ಬೇಕಾದ ನೀಲಿ ಮಾತ್ರ ಸಿಗುತ್ತಿಲ್ಲ.
ಅಂಗಡಿಯ ನೀಲಿಗಳೆಲ್ಲ ತೀರಾ ಎಚ್ಚರ.
ನನಗೆ ಬೇಕಿರುವುದು
ಮೂವತ್ತು ಬೇಸಿಗೆ ಹಗ್ಗದ ಮೇಲೆ ಒಣಗಿ
ವಾದ ಮಾಡುವುದನ್ನು ಬಿಟ್ಟ ನೀಲಿ.

ಹಾಗಾಗಿ ಶನಿವಾರ,
ಲಾಹೇವ್ ನದಿಯ ಮೇಲಿನ ಮಂಜು ಏಳುವ ಮೊದಲೇ,
ಅಗ್ನಿಶಾಮಕ ಠಾಣೆಯ ಬಾಗಿಲಲ್ಲಿ ಸಾಲು ನಿಂತೆ.
ಬರ್ಟನ್ ಟ್ರಕ್ಕಿನಲ್ಲೇ ಕೂತ, ರೇಡಿಯೋ, ಫ್ಲಾಸ್ಕು.
'ಅರ್ಧ ಗಂಟೆ, ಆರ್ಫಾ,' ಅಂದ.
ನಲವತ್ತು ವರ್ಷದಿಂದ ಅನ್ನುತ್ತಾನೆ.
ನನ್ನ ಮುಂದೆ ಹ್ಯಾಲಿಫ್ಯಾಕ್ಸಿನ ವ್ಯಾಪಾರಿ,
ಕೈಯಲ್ಲಿ ಟಾರ್ಚು, ಕಂಕುಳಲ್ಲಿ ಖಾಲಿ ಚೀಲಗಳು.
ಬೆಳ್ಳಿ ಚಮಚೆಯ ಕಡೆ ಓಡಿದ. ಒಳ್ಳೆಯದೇ ಆಯಿತು.

ಮೇಜಿನ ಮೇಲಿರುವುದನ್ನು ಕಣ್ಣು ಕೊಳ್ಳುತ್ತದೆ,
ಕೆಳಗಿನ ಪೆಟ್ಟಿಗೆಯದನ್ನು ಬೆರಳು.
ಮಂಡಿಯೂರಿ ಕೈ ಇಳಿಬಿಟ್ಟೆ.
ನುಸಿಗುಳಿಗೆಯ ವಾಸನೆ. ಒಂಟಿ ದಿಂಬಿನ ಗವಸು.
ಕತ್ತಿನವರೆಗೆ ಮಾತ್ರ ಹೊಲಿದ ಹಂಸ,
ಅಲ್ಲಿಂದ ಮುಂದೆ ಪೆನ್ಸಿಲ್ಲಿನ ಗೆರೆ;
ಸೂಜಿ ಇನ್ನೂ ಅಲ್ಲೇ ಇದೆ,
ಯಾರೋ ಕರೆದರೆಂದು ಚುಚ್ಚಿಟ್ಟು ಎದ್ದುಹೋದಂತೆ,
ಸುತ್ತ ಒಂದು ತುಕ್ಕಿನ ಕಂದು ಚುಕ್ಕೆ.
ಒಂದು ಅಡುಗೆಯ ಏಪ್ರನ್ನು. ನೀಲಿ! ಅದೇ ನೀಲಿ.
ತೋಳಿಗೆ ಸುತ್ತಿಕೊಂಡೆ, ಯಾರೂ ನೋಡದ ಹಾಗೆ.

ಅದರ ಕೆಳಗೆ ನನ್ನ ಮೇಜುಹಾಸು.

ಮುಂದಿನಿಂದ ಗುರುತು ಸಿಗಲಿಲ್ಲ ಮೊದಲು.
ಮೂಲೆಗೊಂದು ನೇರಳೆ ಹೂಗೊಂಚಲು,
ಅಂಥವು ಊರ ತುಂಬ ಹೊಲಿದಿದ್ದರು ಆಗ.
ತಿರುಗಿಸಿದೆ. ಮೂರು ಮೂಲೆ, ಸ್ವಚ್ಛ.
ನಾಲ್ಕನೆಯದರಲ್ಲಿ ಗಂಟು,
ಅವರೆಕಾಳಿನಷ್ಟು, ಹಲ್ಲಲ್ಲಿ ಕಚ್ಚಿ ಎಳೆದದ್ದು.
'ಬೆನ್ನ ಕಡೆ ಗಂಟು ಹಾಕುವವಳು
ನೆಲ ಗುಡಿಸಿ ಕಸವನ್ನು ಚಾಪೆಯಡಿ ತಳ್ಳುತ್ತಾಳೆ,'
ಅನ್ನುತ್ತಿದ್ದಳು ಅಮ್ಮ.
ಆದರೆ ಮರುದಿನ ಬೆಳಿಗ್ಗೆ ಮದುವೆ, ಹಸಿರು ದಾರ ಮುಗಿದಿತ್ತು,
ಕಡೆಯ ಎಲೆಗೆ ಬೇರೆ ಹಸಿರು,
ಗಡಿಯಾರ ಎರಡು ಹೊಡೆದಿತ್ತು.

ಮದುವೆ ಎಲ್ಡಾಳದು.

ಮಡಿಕೆಯ ಗೆರೆಗಳು ಕತ್ತಿಯಷ್ಟು ಚೂಪು.
ಒಂದು ಚಹಾದ ಕಲೆಯಿಲ್ಲ, ಒಂದು ತೊಟ್ಟು ಜಾಮಿಲ್ಲ.
ಐವತ್ತಾರು ವರ್ಷ
ಒಂದು ಬಟ್ಟಲನ್ನೂ ಹೊತ್ತಿಲ್ಲ ಇದು.

ಹಣದ ಡಬ್ಬಿಯ ಹಿಂದೆ ಕೂತವಳೂ ಎಲ್ಡಾಳೇ,
ಮೂಗಿನ ತುದಿಯಲ್ಲಿ ಕನ್ನಡಕ, ತೋಳಿಗೆ ಸ್ವಯಂಸೇವಕರ ಪಟ್ಟಿ.
ಬಿಡಿಸಿದಳು. ಬೆಳಕಿಗೆ ಹಿಡಿದಳು.
'ಯಾರ ಕೈಯೋ ಪುಣ್ಯಾತ್ಗಿತ್ತಿ,' ಅಂದಳು,
'ಇಷ್ಟು ಸಣ್ಣ ಹೊಲಿಗೆ!
ಕೊಟ್ಟುಬಿಡೋಕೆ ಹೇಗೆ ಮನಸ್ಸು ಬಂತೋ ಜನಕ್ಕೆ.'
ಅವಳ ಮುಖದಲ್ಲಿ ಹುಡುಕಿದೆ,
ಪೆಟ್ಟಿಗೆಯಲ್ಲಿ ಹುಡುಕಿದಷ್ಟೇ ಹೊತ್ತು.
ತಳ ಸಿಗಲಿಲ್ಲ.
'ಎರಡು ಡಾಲರ್.'
'ಒಂದೂವರೆ,' ಅಂದೆ. ಬಾಯಿಚಟ.
ಕೊಟ್ಟಳು. ಪತ್ರಿಕೆಯಲ್ಲಿ ಸುತ್ತಿ, ಮೃದುವಾಗಿ,
ಮೊಟ್ಟೆ ಸುತ್ತಿದ ಹಾಗೆ.
ಏಪ್ರನ್ನು ಹಾಗೇ ಹಾಕಿದಳು, ಪುಕ್ಕಟೆ.

ಟ್ರಕ್ಕಿನಲ್ಲಿ ನಗು ಬಂತು. ಬರ್ಟನ್ ಕೇಳಲಿಲ್ಲ ಯಾಕೆಂದು.
ನಾನು ಇದನ್ನು ಕೊಟ್ಟ ದಿನ ಅವಳು
'ಥ್ಯಾಂಕ್ಸ್' ಅಂದು ಪಕ್ಕಕ್ಕಿಟ್ಟಿದ್ದಳು;
ಟೋಸ್ಟರು ಬಂದಿತ್ತು ಯಾರದೋ ಕಡೆಯಿಂದ,
ಎಲ್ಲರೂ ಅದರ ಸುತ್ತ.
ಇವತ್ತು ಹೇಳಿದಳಲ್ಲ.
ಒಂದೂವರೆ ಡಾಲರಿಗೆ ಹೊಗಳಿಕೆ ದುಬಾರಿಯೇನಲ್ಲ.

ಸಂಜೆಯೇ ಹಾಸಿದೆ. ಬರ್ಟನ್ ಚಹಾ ಚೆಲ್ಲಿದ.
ಇರಲಿ, ಒರೆಸಬೇಡ, ಅಂದೆ.

ಏಪ್ರನ್ನು ಕತ್ತರಿಸಿ ಪಟ್ಟಿ ಮಾಡಿ
ಹನ್ನೊಂದು ರಾತ್ರಿ ಅಂಚು ಕಟ್ಟಿದೆ.
ಕೌದಿ ಠಾಣೆಯ ಲಾಟರಿಗೆ, ಪ್ರತಿವರ್ಷದಂತೆ.
ಯಾರೋ ಗೆಲ್ಲುತ್ತಾರೆ. ಹಾಸಿಗೆಗೆ ಹಾಕಲಿ,
ನಾಯಿಗೆ ಹಾಸಲಿ, ದೋಣಿಯ ಎಂಜಿನ್ನಿಗೆ ಹೊದಿಸಲಿ,
ಯಾವುದೋ ಮೇಜಿನ ಕೆಳಗೆ, ಪೆಟ್ಟಿಗೆಯ ತಳದಲ್ಲಿ
ಕಾಯುತ್ತ ಕೂರಲಿ.

ಕಡೆಯ ಹೊಲಿಗೆಯನ್ನು ಒಳಕ್ಕೆ ನುಂಗಿಸಿ
ದಾರ ಮಾಯವಾಗಿಸುವುದು ಬಲ್ಲೆ ನಾನು.
ಈ ಸಲ ಬೆನ್ನ ಕಡೆ ತಿರುಗಿಸಿ,
ಹಲ್ಲಲ್ಲಿ ಕಚ್ಚಿ,
ಅವರೆಕಾಳಿನಷ್ಟು ಒಂದು ಗಂಟು ಬಿಟ್ಟೆ,
ಬೆರಳಿಗೆ ತಾಕುವ ಹಾಗೆ.