ಒಳಗಿನ ಗುಂಡಿ

ರುವಿಯ ಹಿಂಬೀದಿಯಲ್ಲಿ, ಎಕ್ಸ್‌ಚೇಂಜಿನ ಬೋರ್ಡಿನ ಕೆಳಗೆ
ನನ್ನ ಅಂಗಡಿ: ಮೂರು ಮಷೀನು, ಒಂದು ಫ್ಯಾನು,
ಇಸ್ತ್ರಿಯ ಹಬೆಗಿಂತ ಬಿಸಿ ಜೂನಿನ ಗಾಳಿ.
ಕಾವಲುಗಾರರ ಅಂಗಿಗಳ ಕಂತ್ರಾಟು ನನ್ನದು.
ಹೆಗಲಿಗೆ ಎರಡು ಹಳದಿ ಪಟ್ಟಿ. ಅದಕ್ಕೆ ಅರ್ಥವೇನಿಲ್ಲ,
ಕಂಪನಿಗೆ ಚಂದ ಕಾಣಬೇಕಂತೆ.
ಅಂಗಿಯ ದುಡ್ಡು ಅವರ ಸಂಬಳದಲ್ಲೇ ಮುರಕೊಳ್ಳುತ್ತಾರೆ.

ಬ್ಯಾಂಕಿನ ಬಾಗಿಲು ಕಾಯುವ ಎಫ್ರೆನ್
ಪ್ಯಾಂಟಿನ ಸೊಂಟ ಹಿಡಿಸಲು ಬಂದವನು
ಸ್ಟೂಲಿನ ಮೇಲೆ ಕೂತು ಮುತ್ತಜ್ಜನ ಮಾತು ತೆಗೆದ.
ತೆನಿಯೆಂತೆ ಹೆರ್ಮೊಹೆನೆಸ್, ಬಟಾಂಗಾಸಿನವನು.
ನಮ್ಮಿಬ್ಬರದೂ ಹರಕು ಇಂಗ್ಲಿಷು, ಅದಕ್ಕೆ ಅರಬ್ಬಿಯ ತೇಪೆ.

ಮೊದಲು ಸ್ಪೇನಿನ ದಂಡಿನಲ್ಲಿದ್ದನಂತೆ.
ಬಿಳಿ ಹತ್ತಿಯ ಮೇಲೆ ಸಣ್ಣ ನೀಲಿ ಗೆರೆಯ ಕೋಟು.
ಒಂದು ರಾತ್ರಿ ಹೊಳೆ ದಾಟಿ ದಂಗೆಯವರ ಕಡೆ ಸೇರಿದ.
"ಹೊಸ ಕೋಟು ಯಾರು ಹೊಲಿದರು?" ಎಂದೆ.
ನಕ್ಕ. ಅದೇ ಕೋಟು. ಅವರ ಕಡೆಯೂ ಅದೇ ಬಟ್ಟೆ.
ಹೆಂಡತಿ ದೀಪದೆದುರು ಕೂತು ರಾಜನ ಗುಂಡಿಗಳನ್ನು ಕಿತ್ತು
ಬೇರೆ ಹಾಕಿದಳು, ಅಷ್ಟೆ.

ದರ್ಜಿ ನಾನು, ಅಲ್ಲೇ ನಿಂತೆ:
ಕಿತ್ತ ಗುಂಡಿಯ ಜಾಗದಲ್ಲಿ
ದಾರದ ತೂತು ಉಳಿಯುತ್ತದೆ, ಎಷ್ಟು ಒಗೆದರೂ.
ಎದುರು ಸಾಲಿನ ಅದೇ ನೀಲಿ ಗೆರೆಗಳಿಗೆ ಗುರಿಯಿಟ್ಟಾಗ
ಆತನ ಬೆರಳು ಆ ತೂತನ್ನು ತಡವಿತ್ತೇ?

ಆಮೇಲೆ ಅಮೆರಿಕದವರು ಬಂದರು.
ಎರಡು ವರ್ಷ ಕಾಡು, ಮೊಣಕಾಲಿಗೆ ಗಾಯ, ಶರಣು.
ಮರುವರ್ಷ ಅವರದೇ ಖಾಕಿ ತೊಟ್ಟು
ಹಳೆಯ ಜತೆಗಾರರನ್ನು ಹುಡುಕಲು ಬೆಟ್ಟ ಹತ್ತಿದ.
ಇಷ್ಟು ಹೇಳಿ ಎಫ್ರೆನ್
ಟೇಪಿನ ಅಂಕಿಗಳನ್ನು ಓದುತ್ತ ಕೂತ.
"ಸಿಕ್ಕರೇ?" ಎಂದು ನಾನು ಕೇಳಬಾರದಿತ್ತು.
"ಒಬ್ಬ. ಮುತ್ತಜ್ಜಿಯ ತಮ್ಮ."

ಗೆರೆ ಕೋಟನ್ನು ಆಕೆ ಯಾರಿಗೂ ಕೊಡಲಿಲ್ಲ.
ಗದಗಿನ ನಮ್ಮವ್ವನಾಗಿದ್ದರೆ ಕೌದಿಗೆ ಹಾಕುತ್ತಿದ್ದಳು,
ಯಾವುದಾದರೂ ಕೂಸು ಅದರ ಮೇಲೆ ನಿದ್ದೆ ಮಾಡುತ್ತಿತ್ತು.
ಆಕೆ ನೆಲ ಒರೆಸಿದಳಂತೆ,
ಹರಿದು ಚಿಂದಿಯಾಗುವ ತನಕ, ದಿನಾ.
ಗುಂಡಿ ಮಾತ್ರ ಎತ್ತಿಟ್ಟಿದ್ದಳು, ಒಂದು.
ಯಾವ ಕಡೆಯದು? ಸವೆದು ಹೋಗಿದೆ.
ಕಿರೀಟವೋ ಸೂರ್ಯನೋ, ಉಗುರಿಗೆ ತಿಳಿಯುವುದಿಲ್ಲ.

ಎಫ್ರೆನ್ ಅದನ್ನು ಪರ್ಸಿನಿಂದ ತೆಗೆದು ಕತ್ತರಿಯ ಪಕ್ಕ ಇಟ್ಟ.
"ಒಳಗಡೆ ಹಾಕು, ಸೂಪರ್‌ವೈಸರಿಗೆ ಕಾಣದ ಹಾಗೆ."
ಎಡಗಡೆ, ಜೇಬಿನ ಹಿಂದೆ, ನಾಲ್ಕು ಸುತ್ತು ದಾರ.
ತೊಟ್ಟು ನೋಡಿದ. "ಚುಚ್ಚುತ್ತದೆ" ಎಂದ.
"ಸಡಿಲ ಮಾಡಲೇ?"
"ಬೇಡ."

ಗುಂಡಿಗೆ ನೂರು ಬೈಸ ನನ್ನ ದರ.
ಕೊಟ್ಟ.
ತಗೊಂಡೆ.