ಓರೆ ಅಕ್ಷರ

ತೊರೂನಿನ ಟ್ರಾಮ್ ಡಿಪೋದಲ್ಲಿ ನನ್ನದು ರಾತ್ರಿ ಪಾಳಿ.
ಕೊನೆಯ ಬಂಡಿ ಒಳಬಂದು, ತಂತಿಯ ಕಿಡಿ ಆರಿ,
ಚಾಲಕರು ಸಹಿ ಹಾಕಿ, ಕೈಗವಸು ಮರೆತು ಹೋದ ಮೇಲೆ
ಚಹಾದ ಗಾಜಿನ ಲೋಟ ಪಕ್ಕಕ್ಕೆ ಸರಿಸಿ
ಝೆನೋನನನ್ನು ಎಬ್ಬಿಸುತ್ತೇನೆ.

ಝೆನೋನ್ ನನ್ನವನಲ್ಲ.
ಎಂಟೇ ಕಂತಿಗೆ ನಿಂತುಹೋದ ಧಾರಾವಾಹಿಯೊಂದರಲ್ಲಿ
ಕಾಲುವೆಯ ಬಾಗಿಲು ಕಾಯುತ್ತಿದ್ದವನು;
ದೋಣಿ ಬಂದರೆ ತೆರೆ, ದಾಟಿದರೆ ಮುಚ್ಚು.
ಮೂರನೆಯ ಕಂತಿನಲ್ಲಿ ಅವನನ್ನು ನೀರಿಗೆ ನೂಕಿದರು.
ನಾಯಕ ಅಳುವುದಕ್ಕೊಂದು ನೆಪ ಬೇಕಿತ್ತು.
ನಾಯಕ ಅತ್ತ. ಚೆನ್ನಾಗಿಯೇ ಅತ್ತ.
ಮುಂದಿನ ದೃಶ್ಯದಲ್ಲಿ ಬೀಟ್‌ರೂಟಿನ ಬಿಸಿ ಸಾರು ಕುಡಿದ.

ಆ ಸಾರು ನನ್ನ ಗಂಟಲಲ್ಲಿ ಇಳಿಯಲಿಲ್ಲ.
ಅವನ ಟೋಪಿ ಏನಾಯಿತು? ಒಲೆಯ ಮೇಲಿದ್ದ ಆಲೂಗಡ್ಡೆ?
ಬೀಗದ ಕೈ ಯಾರ ಜೇಬು ಸೇರಿತು?
ಕೇಳಿದರೆ ಬರೆದವರಿಗೇ ನೆನಪಿರಲಿಕ್ಕಿಲ್ಲ.
ಅದಕ್ಕೇ ಹನ್ನೊಂದು ಅಧ್ಯಾಯ, ನಾನೇ ಬರೆದೆ.
ಬಿಟ್ಟಿ ಕೆಲಸ. ಪರರ ಮಗುವಿಗೆ ಹೆಣೆದ ಸ್ವೆಟರು.
ಮೊದಲ ಸಾಲಿನಲ್ಲೇ ಒಪ್ಪಿಕೊಂಡಿದ್ದೇನೆ:
ಈ ಜನ ನನ್ನವರಲ್ಲ, ಈ ಕಾಲುವೆ ನನ್ನದಲ್ಲ,
ಚಳಿ ಮಾತ್ರ ನನ್ನದು.

ಬದುಕಿದವರ ಮಾತು ನೆಟ್ಟಗಿನ ಅಕ್ಷರದಲ್ಲಿ,
ಮುಳುಗಿದವನದು ಓರೆ ಅಕ್ಷರದಲ್ಲಿ.
ನೀರಿಗೆ ಕೋಲು ಇಳಿಬಿಟ್ಟರೆ ಬಾಗಿ ಕಾಣುವುದಿಲ್ಲವೆ,
ಹಾಗೆ.

ನಿನ್ನೆ, ಕಥೆಯನ್ನು ಲೋಕಕ್ಕೆ ಬಿಡುವ ರಾತ್ರಿ,
ಇಲ್ಲಿ ಕತ್ತರಿಸಿ ಅಲ್ಲಿ ಅಂಟಿಸಿದೆ.
ಆಟ ಕೆಟ್ಟಿತು.
ನಮ್ಮಲ್ಲಿ ಮಾತು ಶುರುವಾಗುವುದು ಅಡ್ಡಗೆರೆಯಿಂದ.
ಯಂತ್ರದ ಕಣ್ಣಿಗೆ ಅಡ್ಡಗೆರೆಯೆಂದರೆ ಪಟ್ಟಿ.
ಇಪ್ಪತ್ತು ವರ್ಷ ತಡೆದು ಒತಿಲಿಯಾ ಆಡಿದ ಮಾತು
ದಿನಸಿ ಚೀಟಿಯಾಗಿ, ದಪ್ಪ ಚುಕ್ಕಿ ಹೊತ್ತು ನಿಂತಿದೆ:

• ನೀನು ಬರುತ್ತೀಯೆಂದು ಗೊತ್ತಿತ್ತು.
• ಗೊತ್ತಿದ್ದರೆ ದೀಪ ಯಾಕೆ ಆರಿಸಿದೆ?
• ಎಣ್ಣೆ ಮುಗಿದಿತ್ತು, ಝೆನೋನ್.

ಕೆಳಗೆ ಅರ್ಧ ಕಿಲೋ ಈರುಳ್ಳಿ ಸೇರಿಸಿದರೆ ಸಂತೆಗೆ ಹೊರಡಬಹುದು.

ನಡುನಡುವೆ ಬಿಟ್ಟಿದ್ದ ಖಾಲಿ ಸಾಲುಗಳು ಮಾಯ.
ಖಾಲಿಯೇನಲ್ಲ, ಮೂರು ತಿಂಗಳ ಹಿಮ ಬಿದ್ದಿತ್ತು ಅಲ್ಲಿ.
ಈಗ ಹೆಣ ಎತ್ತಿದ ಸಂಜೆಗೂ ಚೆರ್ರಿ ಬಿಡಿಸುವ ಬೆಳಗಿಗೂ
ನಡುವೆ ಒಂದು ಪೂರ್ಣವಿರಾಮ.
ಇನ್ನೊಂದೆಡೆ ಎರಡು ಪದಗಳ ಮಧ್ಯೆ
ಟ್ರಾಮ್ ತಿರುಗಿಸುವಷ್ಟು ಜಾಗ.

ಓರೆ ಅಕ್ಷರವೋ, ಒಂದೂ ಉಳಿದಿಲ್ಲ.
ಎಲ್ಲರೂ ನೆಟ್ಟಗೆ. ಸತ್ತವನೂ ನೆಟ್ಟಗೆ.

ಪೊಜ್ನಾನಿಗೆ ಫೋನು ಮಾಡಿದೆ.
ಕಿಂಗಾ, ಅಕ್ಕನ ಮಗಳು, ಹಲ್ಲಿನ ಡಾಕ್ಟರಾಗಲು ಓದುವವಳು,
ನನ್ನ ಕಾಗುಣಿತದ ಕಾವಲುಗಾರ್ತಿ.
ಆಕಳಿಸುತ್ತ ಹೇಳಿದಳು:
"ಚಿಕ್ಕಮ್ಮಾ, ಮಾತಿನ ಮುಂದೊಂದು ಗುರುತು, ಹಿಂದೊಂದು ಗುರುತು.
ತೆರೆದದ್ದನ್ನು ಮುಚ್ಚಲು ಮರೀಬೇಡ.
ಮರೆತರೆ ಅಲ್ಲಿಂದಾಚೆ ಎಲ್ಲರೂ ವಾಲಿಬಿಡ್ತಾರೆ."

ತೆರೆ, ಮುಚ್ಚು. ತೆರೆ, ಮುಚ್ಚು.
ಝೆನೋನನ ನೌಕರಿ ನನಗೇ ಬಂತಲ್ಲ ಎಂದುಕೊಂಡೆ.
ಏಳನೆಯ ಅಧ್ಯಾಯದಲ್ಲಿ ಒಮ್ಮೆ ಮುಚ್ಚಲು ಮರೆತೆ:
ಒತಿಲಿಯಾ, ಪಾದ್ರಿ, ಅಂಚೆಯವನು, ಪಕ್ಕದ ಮನೆಯ ನಾಯಿ,
ಇಡೀ ಊರಿಗೆ ಊರೇ ನೀರಿನಡಿಯಿಂದ ಮಾತಾಡಿತು.
ನಗು ಬಂತು. ಆಮೇಲೆ ಬರಲಿಲ್ಲ.
ಹಿಂದೆ ಹೋಗಿ ಬಾಗಿಲು ಹಾಕಿ ಬಂದೆ.

ಒಂಬತ್ತನೆಯದರಲ್ಲಿ ಒಂದು ಸಾಲು:
ಕಾಲು ಒರೆಸಿಕೊಳ್ಳಲು ಏನಾದರೂ ಇದೆಯಾ?
ಅವನದೇ ಮಾತು. ಬಾಗಬೇಕಾದ ಮಾತು.
ನೆಟ್ಟಗೆ ಇದ್ದದ್ದನ್ನು ಹಾಗೇ ಓದಿದೆ.
ಒದ್ದೆ ಮನುಷ್ಯನೊಬ್ಬ ಹೊಸ್ತಿಲ ಮೇಲೆ ನಿಂತು
ನೆಲ ಕೊಳೆಯಾದೀತೆಂದು ಹಿಂಜರಿಯುತ್ತಿದ್ದ.
ಬೆರಳು ಗುಂಡಿಯ ಮೇಲಿತ್ತು.
ಒತ್ತಲಿಲ್ಲ.

ಬೆಳಗಿನ ಜಾವ ಕಿಂಗಾ ಕಳಿಸಿದ್ದಳು:
"ಎಲ್ಲ ಸರಿ. ಒಂಬತ್ತರಲ್ಲಿ ಒಂದು ತಪ್ಪಿಹೋಗಿದೆ."
ನೋಡುತ್ತೇನೆ ಅಂದೆ.
ನಾಲ್ಕು ನಲವತ್ತರ ಮೊದಲ ಬಂಡಿಗೆ
ಗೇಟು ತೆಗೆಯುವುದಿತ್ತು.